ಎಣ್ಣೆ ದೀಪ

ಸೀಟಿನಲ್ಲಿ ಇಲಿ ಮರಿ ಹಾಕಿತ್ತು, ಡಿಕ್ಕಿಯಲ್ಲಿ ಕಣಜದ ಗೂಡು.
ತೊಂಬತ್ತೇಳರ ಎಸ್ಟೀಮು. ಹೊಸಪೇಟೆ ರೋಡಿನ ಗುಜರಿಯಿಂದ
ಹದಿನೆಂಟು ಸಾವಿರಕ್ಕೆ ತಂದೆ, ಗಾದಿಲಿಂಗನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ.
ಕೌಲ್ ಬಜಾರಿನ ನಮ್ಮ ಸಂದಿಯಲ್ಲಿ ಅದು ತಿರುಗಲೊಲ್ಲದು;
ಆರು ಜನ ಹಿಂದೆ ಬಿದ್ದು, ಹಟಮಾರಿ ಎಮ್ಮೆಯ ಹಾಗೆ
ಬಾಲದ ಕಡೆಯಿಂದ ಎತ್ತಿ ಒಳಗೆ ತಳ್ಳಿದೆವು.

"ಏನು ಮಾಡ್ತಿ ಇದನ್ನ?" ಅಂದಳು ಹುಲಿಗೆಮ್ಮ,
ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ.
"ಓಡಿಸ್ತೀನಿ."
"ಓಡೋ ಕಾರು ಸಿಗಲಿಲ್ಲೇನು ಊರಾಗ?"

ಅಂದಿನಿಂದ ನಮ್ಮ ಪಡಸಾಲೆಗೆ ಎರಡು ಕಾರ್ಖಾನೆ.
ಅವಳ ಕಡೆ ಜೀನ್ಸು: ಜೇಬಿಗೆ ಇಷ್ಟು, ಪಟ್ಟಿಗೆ ಇಷ್ಟು, ಡಜನ್ ಲೆಕ್ಕ.
ನನ್ನ ಕಡೆ ಲೆಕ್ಕವೇ ಇಲ್ಲ.
ತೋರಣಗಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದು
ನಿದ್ದೆಗೆ ಹೋಗುವ ದಾರಿಯಲ್ಲಿ ಒಂದು ಬೋಲ್ಟು ಬಿಚ್ಚುವುದು,
ಆ ಬೋಲ್ಟಿನ ಹಿಂದೆ ಇನ್ನೊಂದು, ಅಷ್ಟರಲ್ಲಿ ಮಧ್ಯಾಹ್ನ.

ಏಪ್ರಿಲ್‌ನಲ್ಲಿ ಸ್ಪಾನರು ಮುಟ್ಟಿದರೆ ತವೆ. ನೀರಿನ ಬಕೀಟಿನಲ್ಲಿ
ಹದಿನಾಲ್ಕರದು, ಹದಿನೇಳರದು ಮೀನಿನಂತೆ ಮಲಗಿದ್ದವು.
ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಸಂಡೂರಿನ ಒಂದು ಗುಡ್ಡ:
ಕುಂಕುಮದಷ್ಟು ನಯ, ಉಗುರಿಗೆ ಅಂಟಿದರೆ ವಾರ ಹೋಗದು.
ಅಂಥದೇ ಮಣ್ಣು ಕರಗಿ ಪಿಸ್ಟನ್ ಓಡುವ ಕೊಳವೆಯಾಗಿತ್ತು,
ಅಂಥದೇ ಮಣ್ಣು ಧೂಳಾಗಿ ಬಂದು ಆ ಕೊಳವೆಯನ್ನು ಗೀರಿತ್ತು.
ದಾಯಾದಿ ಜಗಳ.

ಮೌಲಾಲಿಯ ವರ್ಕ್‌ಶಾಪಿನಲ್ಲಿ ಬೋರು ಅರ್ಧ ಮಿಲಿಮೀಟರ್ ಹಿಗ್ಗಿತು,
ಹೆಡ್ಡು ಕೂದಲಿಗಿಂತ ತುಸು ಹೆಚ್ಚು ತಗ್ಗಿತು.
ಕೊಯಮತ್ತೂರಿನಿಂದ ಪಾರ್ಸಲ್ಲಿನಲ್ಲಿ ಬಂದ ಕ್ಯಾಮ್ ಶಾಫ್ಟನ್ನು
ಹುಲಿಗೆಮ್ಮ ಬಿಚ್ಚಿ ನೋಡಿ "ಲಟ್ಟಣಿಗಿ ಸೊಟ್ಟ ಐತಿ" ಅಂದಳು.
ನಾಲ್ಕು ಪೈಪು ಬಗ್ಗಿಸಿ ಒಂದಕ್ಕೆ ಬೆಸೆಯುವ ಹೊತ್ತಿಗೆ
ಎರಡು ತಿಂಗಳು, ಅರ್ಧ ಹುಬ್ಬು, ಅವಳ ಚೀಟಿ ದುಡ್ಡು ಹೋದವು.
ಚೀಟಿಯ ಮಾತು ಅವಳು ಎತ್ತಲಿಲ್ಲ. ನಾನೂ.

ಕೈ ಒರೆಸಲು ಅವಳೇ ಕೊಟ್ಟಳು, ಕತ್ತರಿಸಿ ಉಳಿದ ನೀಲಿ ಚಿಂದಿ.

ಶ್ರಾವಣದ ಒಂದು ಸಂಜೆ ಕೀಲಿ ತಿರುವಿದೆ.
ಹತ್ತಿತು! ಗೋಡೆಯ ಸುಣ್ಣ ಉದುರಿತು,
ಗಾದಿಲಿಂಗ ಲುಂಗಿಯಲ್ಲೇ ಓಡಿ ಬಂದ.
ಆದರೆ ಮೀಟರಿನ ಪಕ್ಕ ಆ ಕೆಂಪು ಎಣ್ಣೆ ದೀಪ
ಆರಲಿಲ್ಲ. ಒಂದು, ಎರಡು, ಮೂರು, ನಾಲ್ಕು...
ಕೀಲಿ ಕಿತ್ತೆ, ಬಾವಿಗೆ ಬಗ್ಗಿದ ಮಗುವನ್ನು ಎಳೆದುಕೊಂಡ ಹಾಗೆ.
ಮೌಲಾಲಿ ಪಂಪು ಅಂದ. ಗಾದಿಲಿಂಗ ದಿಷ್ಟಿ ಅಂದ.
ನಾನು ಕಾರಿನ ಕೆಳಗೆ ಅಂಗಾತ ಮಲಗಿ
ಒಂಬತ್ತು ತಿಂಗಳನ್ನು ನೋಡುತ್ತಿದ್ದೆ.

ಹುಲಿಗೆಮ್ಮ ಮೂಲೆಯಲ್ಲಿ ಎಣಿಸುತ್ತಿದ್ದಳು.
ಎಣ್ಣೆ ಕುಡಿದ ಚಿಂದಿಗಳನ್ನು ಒಂದೊಂದಾಗಿ ಬಿಡಿಸಿ,
ಮೊಣಕಾಲ ಮೇಲೆ ಹಾಸಿ, ತನ್ನ ಎಂದಿನ ಲೆಕ್ಕದಲ್ಲಿ.
"ಎರಡು ಡಜನ್ ಕೊಟ್ಟಿದ್ದೆ. ಇಪ್ಪತ್ಮೂರು ಅದಾವ."
ಸ್ವಲ್ಪ ತಡೆದು, "ನಿನ್ನ ಗಾಡಿ ಹೊಟ್ಟ್ಯಾಗ ನೋಡು."

ಸಂಪ್ ಬಿಚ್ಚಿದೆ. ಎಣ್ಣೆ ಹೀರುವ ಜಾಲರಿಯನ್ನು ಕಚ್ಚಿ ಹಿಡಿದಿತ್ತು
ಹಿಂಜೇಬಿನ ಒಂದು ಮೂಲೆ, ಹಳದಿ ದಾರದ ಹೊಲಿಗೆ ಸಮೇತ.

ಮರುದಿನ ಕೀಲಿ ಅವಳಿಗೆ ಕೊಟ್ಟೆ.
ನಾನು ಎಂಜಿನ್ನಿನ ಮೇಲೆ ಬಗ್ಗಿದ್ದೆ; ದೀಪ ಕಾಣುತ್ತಿದ್ದುದು ಅವಳಿಗೆ ಮಾತ್ರ.
"ಆರಿತಾ?" ಕೂಗಿದೆ ಆ ಗದ್ದಲದಲ್ಲಿ. "ದೀಪ ಆರಿತಾ?"
ಕಿಟಕಿಯಿಂದ ತಲೆ ಹೊರಹಾಕಿ, ಸಂದಿಗೆಲ್ಲ ಕೇಳುವಂತೆ ಗದರಿದಳು:
"ಶುಕ್ರವಾರ ಹಂಗ ಅನಬ್ಯಾಡ!
ಶಾಂತ ಆಗೈತಿ."

ಆಮೇಲೆ, ಯಾರೂ ಕಲಿಸದೆ, ಬಲಗಾಲನ್ನು
ಹೊಲಿಗೆ ಯಂತ್ರದ ಪೆಡಲಿಗೆ ಒತ್ತುವಷ್ಟೇ ಒತ್ತಿದಳು.
ಮುಳ್ಳು ನಾಲ್ಕು ಸಾವಿರ ದಾಟಿತು.
ತೆಗೆಯಲೇ ಇಲ್ಲ ಕಾಲು.