ಬೀಳಿಸುವ ಕೋಣೆ

ಸೇರಲೋ ಬೇಡವೋ ಅಂತ ಕೇಳುತ್ತೀಯ, ಹಿಲ್ಲಾ,
ಮೇಲಿನ ಹಲಗೆಯಲ್ಲಿ ಮೊಣಕಾಲು ತಬ್ಬಿ ಕೂತು.
ಸೌನಾದೊಳಗೆ ಸುಳ್ಳಾಡಬಾರದು,
ಅದು ನಮ್ಮಜ್ಜಿಯ ಕಟ್ಟಳೆ.
ಒಂದು ಸೌಟು ನೀರು ಹಾಕು ಕಲ್ಲಿಗೆ. ಹೇಳುತ್ತೇನೆ.

ಮೊದಲ ಮೂರು ವರ್ಷ ನನ್ನ ಕೆಲಸ, ಬೀಳಿಸುವುದು.
ನಗಬೇಡ.
ಎದೆಯೆತ್ತರದಿಂದ ಫೋನು, ಕೆಳಗೆ ಹಾಸುಗಲ್ಲು.
ಮೂಲೆ ಅಡಿಯಾಗಿ, ಮುಖ ಅಡಿಯಾಗಿ, ಬೆನ್ನು ಅಡಿಯಾಗಿ
ದಿನಕ್ಕೆ ನಾನೂರು ಸಲ.
ಒಡೆದರೆ ಬರೆದುಕೊಳ್ಳುವುದು,
ಒಡೆಯದಿದ್ದರೆ ಮತ್ತೆ ಎತ್ತುವುದು.
ಮನೆಯಲ್ಲಿ ಚಮಚ ಜಾರಿದರೂ
ಎಷ್ಟು ಎತ್ತರ ಎಂದು ಅಳೆಯುತ್ತಿತ್ತು ಕಣ್ಣು.

ಜೊತೆಗಿದ್ದವನು ಯಾಲ್ಮಾರಿ.
ಬಿದ್ದ ಸದ್ದಿನಲ್ಲೇ ಒಳಬಿರುಕು ಹೇಳುತ್ತಿದ್ದ,
ತಟ್ಟಿ ನೋಡಿ ಮಡಕೆ ಕೊಳ್ಳುವವರ ಹಾಗೆ.
ಅಂಥ ಕಿವಿ ಯಾವ ಕಾಲೇಜಿನಲ್ಲಿದೆ?
ಇದ್ದಲ್ಲಿ ಇರಬೇಕು, ಪಕ್ಕದಲ್ಲಿ ನಿಲ್ಲಬೇಕು, ಅಷ್ಟೆ.

ಒಮ್ಮೆ ಲಿಸ್ಬನ್ನಿನ ಟ್ರಾಮಿನಲ್ಲಿ
ಮುದುಕಿಯೊಬ್ಬಳ ಕೈಜಾರಿತು ನಮ್ಮ ಫೋನು.
ನನ್ನ ಉಸಿರು ಗಂಟಲಲ್ಲಿ.
ಎತ್ತಿಕೊಂಡಳು, ತೋಳಿಗೆ ಒರೆಸಿದಳು,
ಬಿಟ್ಟಲ್ಲಿಂದಲೇ ಜಗಳ ಮುಂದುವರಿಸಿದಳು.
ಆ ಬಲಮೂಲೆ ನನ್ನದು, ಹಿಲ್ಲಾ!
ಹತ್ತು ಕೋಟಿ ಜೇಬುಗಳಲ್ಲಿ ನನ್ನದೊಂದು ಮೂಲೆ,
ಯಾವುದರ ಮೇಲೂ ಹೆಸರಿಲ್ಲ.
ತುಯಿರಾ ಸೇತುವೆಯಾಚೆಯ ನಿನ್ನ ಆರು ಜನ
ಸೈಕಲ್ ದೀಪ ಚೆನ್ನಾಗಿಯೇ ಮಾಡುತ್ತಾರೆ,
ಆದರೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮುದುಕಿ
ಅವರ ಪಾಲಿಗೆ ಬರುವುದು ಕಷ್ಟ.

ಬೆನ್ನು ಹಿಡಿದಾಗ
ಕಂಪನಿಯ ವೈದ್ಯೆ ಅದೇ ಮಧ್ಯಾಹ್ನ ನೋಡಿದಳು.
ನಿನ್ನಮ್ಮ ಸರಕಾರಿ ಸಾಲಿನಲ್ಲಿ ಏಳು ವಾರ ಕಾದಳು.
ನಾವು ಅಕ್ಕತಂಗಿ, ಒಂದೇ ಥರದ ಬೆನ್ನು.
ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸಾರು,
ಮೇಲೊಂದು ಪ್ಯಾನ್‌ಕೇಕು, ಜಾಮು.
ಸಣ್ಣದು ಅನ್ನಬೇಡ.
ಔಲುವಿನ ಡಿಸೆಂಬರಿನಲ್ಲಿ ಸೂರ್ಯ ಮೂರೂವರೆ ಗಂಟೆ.

ಇನ್ನು ಇತ್ತ.
ನಾಲ್ಕು ವರ್ಷದಲ್ಲಿ ಐದು ಮೇಲಧಿಕಾರಿಗಳು.
ಐದನೆಯವನ ಸೊಂಟದ ಕೆಳಗೆ ಕಾಲಿದೆಯೋ ಇಲ್ಲವೋ
ಇವತ್ತಿಗೂ ತಿಳಿಯದು, ಪರದೆಯಲ್ಲಷ್ಟೇ ಕಂಡದ್ದು.
ಒಂದು ತಿರುಪು ಅರ್ಧ ಮಿಲಿಮೀಟರ್ ಸರಿಯಲು
ಒಂಬತ್ತು ತಿಂಗಳು, ಹದಿನಾಲ್ಕು ಸಹಿ;
ಅಷ್ಟರಲ್ಲಿ ನಿನ್ನಮ್ಮ ನಿನ್ನನ್ನೇ ಹೆತ್ತಳು.
ಎರಡು ಚಳಿಗಾಲ ಕೂತು ತಿದ್ದಿದ ಮುಚ್ಚಳವನ್ನು
ಯಾವುದೋ ಊರಲ್ಲಿ ಯಾವುದೋ ಮಂಗಳವಾರ
ಯಾರೋ ಬೇಡವೆಂದರು.
ಕಾರು ಬೆಚ್ಚಗಿಡುವ ಕಂಬಕ್ಕೂ ನನಗೂ
ಒಂದೇ ಜಾತಿಯ ಸಂಖ್ಯೆ. ಅದರದು ಚಿಕ್ಕದು.

ಆಮೇಲೆ ಆ ನವೆಂಬರು.
ಆರು ವಾರ 'ಮಾತುಕತೆ' ನಡೆಯಿತು,
ಹೆಸರೇ ಹಾಗೆ, ಕಾನೂನಿನ ಹೆಸರು.
ಆ ಆರು ವಾರ ಯಾರೂ ಮಾತಾಡಲಿಲ್ಲ.
ಕಾಫಿ ಮಾತ್ರ ಎರಡು ಪಟ್ಟು ಖರ್ಚಾಯಿತು.

ಯಾಲ್ಮಾರಿ ಇಪ್ಪತ್ತೆರಡು ವರ್ಷದವನು.
ಕೊನೆಯ ದಿನ ಹಾಸುಗಲ್ಲು ಕೇಳಿದ.
ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದ್ದರಿಂದ
ಇಲ್ಲವೆನ್ನುವ ಅಧಿಕಾರವೂ ಯಾರಿಗೂ ಇರಲಿಲ್ಲ.
ಒದ್ದು ಓಡಿಸುವ ಜಾರುಬಂಡಿಯಲ್ಲಿಟ್ಟು
ನದಿಗುಂಟ ಹಿಮದಲ್ಲಿ ತಳ್ಳಿಕೊಂಡು ಹೋದ,
ಮಗುವನ್ನು ಕೂರಿಸಿದ ಹಾಗೆ, ನಿಧಾನ.
ಈಗ ಅದು ಅವನ ಉಪ್ಪುಮೀನಿನ ಪೀಪಾಯಿಯ ಮೇಲೆ
ಭಾರಕ್ಕೆ ಕೂತಿದೆ.
ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ನನಗೂ ಬರುತ್ತದೆ.
ತಿನ್ನುತ್ತೇನೆ.

ಆ ಪಟ್ಟಿಯಲ್ಲಿ ನನ್ನ ಸಂಖ್ಯೆ ಇರಲಿಲ್ಲ.
ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು
ನಲ್ಲಿ ಬಿಟ್ಟು
ನಕ್ಕೆ, ಹಿಲ್ಲಾ.
ಖುಷಿಗೆ.
ಹೊರಬಂದಾಗ ಮುಖ ಸರಿಮಾಡಿಕೊಂಡಿದ್ದೆ.
ಲಾಭ ನಷ್ಟ ಅಂತ ಎರಡು ಸಾಲು ಗೀಚಿದ್ದೀಯಲ್ಲ,
ಇದನ್ನೂ ಬರೆದುಕೋ.
ಯಾವ ಸಾಲಿಗೆ, ನನಗೆ ಗೊತ್ತಿಲ್ಲ,
ಹತ್ತೊಂಬತ್ತು ವರ್ಷವಾಯಿತು.

ಬಟಾಣಿ ಸಾರು ಈಗಲೂ ಇದೆಯಾ?
ಇದೆ. ನಿನ್ನ ಅಮ್ಮ ಮಾಡುವುದಕ್ಕಿಂತ ಗಟ್ಟಿ.
ಬಕೆಟ್ಟು ಬರಿದಾಗಿದೆ ನೋಡು,
ಚಪ್ಪಲಿ ಹಾಕಿಕೊಂಡು ಹೋಗು. ಹೊಸಿಲ ಮೇಲೆ ಮಂಜುಗಟ್ಟಿದೆ,
ಜಾರುತ್ತದೆ.