ಉಪ್ಪು ತಿಂದ ಕನ್ನಡಕ

ಒಲೆಯ ಮೇಲೆ ಸಾರು ಕುದಿಯಬೇಕಾದ ಹೊತ್ತಿಗೆ
ನನ್ನ ಗಂಡ ಹಿಲಾರಿಯೋ
ತನ್ನ ತಂಪು ಕನ್ನಡಕ ಕುದಿಸುತ್ತಿದ್ದಾನೆ.

ಗಾಜು ಬಿಚ್ಚಿ ಉಣ್ಣೆಯ ಕಾಲುಚೀಲದೊಳಗೆ ಮಲಗಿಸಿದ್ದಾನೆ,
ಮೂಗಿನ ಮೆತ್ತೆಗಳು ಒಂದು ಮುಚ್ಚಳದಲ್ಲಿ,
ತಿರುಪುಗಳು ಇನ್ನೊಂದರಲ್ಲಿ.
ಉಳಿದದ್ದು ಬರೀ ತಂತಿ,
ತಿಂದು ಬಿಟ್ಟ ಮೀನಿನ ಹಾಗೆ.

ಹನ್ನೊಂದು ವರ್ಷದ ಹಿಂದೆ ಜೀಪಿನ ಹಿಂದಿನ ಸೀಟಲ್ಲಿ
ಯಾರೋ ಮರೆತುಹೋದದ್ದು.
ಬೆಲ್ಜಿಯಮ್ಮಿನವಳು ಅನ್ನುತ್ತಾನೆ,
ಇಲ್ಲಿಯ ಎತ್ತರ ಒಗ್ಗದೆ ದಾರಿಯುದ್ದಕ್ಕೂ ವಾಂತಿ ಮಾಡಿದವಳು.
ಕೇಳಿಕೊಂಡು ಬಂದಾಳೆಂದು ಎರಡು ವರ್ಷ ಗೂಡಲ್ಲಿಟ್ಟು ಕಾದ.
ಮೂರನೆಯ ವರ್ಷ ಹಾಕಿಕೊಂಡ,
ಮೊದಲು ಮನೆಯೊಳಗೆ, ರಾತ್ರಿ,
ಕದ್ದವನ ಹಾಗೆ.

ಊಯುನಿಯ ಉಪ್ಪಿನ ಬಯಲಲ್ಲಿ
ಬಿಸಿಲು ಬೀಳುವುದಿಲ್ಲ, ಏಳುತ್ತದೆ.
ಗದ್ದದ ಅಡಿ ಸುಡುತ್ತದೆ,
ಮೂಗಿನ ಹೊಳ್ಳೆಯ ಒಳಗೆ ಸುಡುತ್ತದೆ.
ಮಾವ ನಲವತ್ತು ವರ್ಷ ಬರಿಗಣ್ಣಲ್ಲಿ ಉಪ್ಪು ಕಡಿದ.
ಕೊನೆಕೊನೆಗೆ ಎಲ್ಲರನ್ನೂ ದನಿಯಿಂದ ಗುರುತು ಹಿಡಿಯುತ್ತಿದ್ದ,
ನನ್ನನ್ನು ಮಾತ್ರ ಕೆಮ್ಮಿನಿಂದ.

ಹಾಗಾಗಿ ಈ ತಂತಿಯನ್ನು ನಾನು ಅಷ್ಟು ಬೈಯುವುದಿಲ್ಲ.

ಕಿವಿಯ ಹಿಂದೆ ಹಸಿರು ಕಿಲುಬು,
ಮೂಗಿನ ಎರಡೂ ಬದಿಗೆ ಹಸಿರು ಬೊಟ್ಟು,
ಜೀಪು ಇಳಿದು ಬಂದರೆ ಗಿಳಿಯ ಜಾತಿ.
ಚಿನ್ನ, ಚಿನ್ನ ಅನ್ನುತ್ತಿದ್ದನಲ್ಲ,
ಚಿನ್ನ ಎದ್ದುಹೋದಲ್ಲಿ ಬಿಳಿ ಕಂಡಿತು,
ಬಿಳಿ ಸವೆದಲ್ಲಿ ತಾಮ್ರದ ಕೆಂಪು.
ಮೂರು ಅಂಗಿ ತೊಟ್ಟು ಚಳಿಗೆ ಹೊರಟವರಂತೆ
ಅದೂ.

ನಿಂಬೆ ಹಿಂಡಿದ, ವಿನಿಗರ್ ಸುರಿದ,
ಆಮೇಲೆ ನನ್ನ ರಾಶಿಗೇ ಕೈಹಾಕಿ ಒಂದು ಹಿಡಿ ಉಪ್ಪು.
ತಿಂದದ್ದೂ ಇದೇ, ತೊಳೆಯುವುದೂ ಇದೇನಾ, ಅಂದೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು, ಅಂದ.
ಬಾಯಿ ಮಾತ್ರ ಎಂದೂ ಕಿಲುಬು ಹಿಡಿದದ್ದಲ್ಲ.

ಆಮೇಲೆ ಉಪ್ಪುಕಾಗದ. ಅದರ ಹೆಸರಲ್ಲೂ ಬಿಡಲಿಲ್ಲ ನೋಡಿ ಉಪ್ಪು.
ಉಜ್ಜಿದ, ಊದಿದ, ಬೆಳಕಿಗೆ ಹಿಡಿದ,
ಉಜ್ಜಿದ.
ಕೂಸಿನ ಉಗುರು ಕತ್ತರಿಸುವವನ ಉಸಿರು.

ಕಪ್ಪು ಬಣ್ಣದ ಡಬ್ಬಿಯ ಮೂತಿ ಕಟ್ಟಿಕೊಂಡಿತ್ತು,
ಒತ್ತಿದರೆ ಕೆಮ್ಮಿತು, ಅಷ್ಟೆ.
ಮಗಳು ತನ್ನ ಉಗುರುಬಣ್ಣ ತಂದಳು,
ನೇರಳೆ ಜೋಳದ ಗಂಜಿಯ ಬಣ್ಣ.
ಅವಳ ಹೆಸರು ನಯ್ರಾ. ಅತ್ತೆ ಇಟ್ಟದ್ದು.
ಅತ್ತೆಯ ಮಾತಲ್ಲಿ ನಯ್ರಾ ಅಂದರೆ ಕಣ್ಣು,
ಆಗಿಹೋದ ಕಾಲಕ್ಕೂ ಅದೇ ಮಾತು.
ಹುಡುಗಿಗೆ ಎರಡೂ ಬೇಡ,
ಅಪ್ಪನ ಕಿವಿಗೆ ನೇರಳೆ ಬಳಿಯುವುದಷ್ಟೇ ಬೇಕು.
ಒಂದು ಕೈ, ಆರಲು ಬಿಟ್ಟು ಇನ್ನೊಂದು ಕೈ.

ನಾನು ಇತ್ತ ನನ್ನ ಕೆಲಸದಲ್ಲಿದ್ದೆ:
ಅರ್ಧ ಕಿಲೋ ಅಳೆ, ಪೊಟ್ಟಣಕ್ಕೆ ಸುರಿ,
ಬಾಯಿ ಮಡಚಿ ಉರಿಗೆ ತೋರಿಸಿ ಅಂಟಿಸು.
ನಾಲ್ಕು ವರ್ಷದ ಮಗುವೂ ಮಾಡೀತು,
ಆದರೆ ನನ್ನಷ್ಟು ಬೇಗ ಯಾರೂ ಮಾಡಲಾರರು.

ಆಗ ಯಾರದೋ ಮೊಣಕೈ.
ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ.
ಮುಚ್ಚಳ ಮಗುಚಿ
ತಿರುಪುಗಳು ಉಪ್ಪಿನ ರಾಶಿಗೆ.

ಮೂರು ಸಿಕ್ಕವು. ನಾಲ್ಕನೆಯದಕ್ಕೆ
ರೇಡಿಯೋ ಒಡೆದು ಆಯಸ್ಕಾಂತ ತೆಗೆದ,
ಆಯಸ್ಕಾಂತಕ್ಕೆ ಅದು ಕ್ಯಾರೇ ಅನ್ನಲಿಲ್ಲ.
ಬೆರಳು ನೆಕ್ಕಿ ನೆಕ್ಕಿ ಹರಳು ಹರಳು ಒತ್ತಿ ನೋಡಿದ,
ಮಧ್ಯರಾತ್ರಿಗೆ ನಾಲಿಗೆ ದಪ್ಪವಾಗಿ
ಏನಂದರೂ ತಿಳಿಯದಾಯಿತು.
ಅಷ್ಟರಲ್ಲಿ ಅರವತ್ತು ಪೊಟ್ಟಣ ನಾನು ಅಂಟಿಸಿಯಾಗಿತ್ತು.
ಕೈ ನಿಲ್ಲಿಸಬೇಕಿತ್ತು, ಒಪ್ಪುತ್ತೇನೆ.

ಬೆಳಿಗ್ಗೆ ಲಾರಿ ಬಂತು, ಪೊಟ್ಟಣಗಳು ಹೋದವು,
ಪೊತೊಸಿಗೋ, ಅಲ್ಲಿಂದ ಮುಂದಕ್ಕೋ.

ಇವನು ನೇರಳೆ ಚೌಕಟ್ಟಿನಲ್ಲಿ ಕುಳಿತು ಗೇರು ಹಾಕಿದ,
ಎಡಗಡೆಯ ಸಂದಿಗೆ ತಿರುಪಿನ ಬದಲು
ನನ್ನ ಕಿವಿಯೋಲೆಯ ಕೊಕ್ಕೆ.
ಹಿಂದಿನ ಸೀಟಿನ ನಾಲ್ವರು ಒಬ್ಬರನ್ನೊಬ್ಬರು ತಿವಿದರು.

ಯಾವ ಊರಲ್ಲೋ, ಯಾವಳೋ,
ಸಾರಿಗೆ ಉಪ್ಪು ಹಾಕಿ ರುಚಿ ನೋಡುವಾಗ
ಹಲ್ಲಿಗೆ ಕಟುಕ್ಕೆಂದರೆ,
ತಾಯಿ, ಉಗುಳಬೇಡ. ತೊಳೆದು ಇಟ್ಟಿರು.
ಎರಡು ವರ್ಷವಾದರೂ ಕಾದು ನೋಡು.