ಇಪ್ಪತ್ತೆರಡು ಇಂಚು

ಭಾನಾಪುರ ದಾಟಿದ ಮ್ಯಾಲೆ ನನಗ ಸೀಟು ಸಿಕ್ತು.
ಮುಂದಿನ ಸೀಟಿನ್ಯಾಗ ಒಂದು ಹುಡುಗಿ.
ಕಿಟಕಿ ಗಾಳಿಗೆ ಆಕಿ ಜಡಿ
ಸರಳು ದಾಟಿ ಈ ಕಡಿ ಬಂದು
ನನ್ನ ಮೊಣಕಾಲ ಮ್ಯಾಲೆ ಬಿತ್ತು,
ಗುರ್ತಿನ ಮನಿ ಬೆಕ್ಕು ಬಂದು ಕೂಡೂವಂಗ.

ಸುಮ್ಮನಿರಬೇಕಾಗಿತ್ತು. ಬಾಯಿ ತಡೀಲಿಲ್ಲ.
"ಏನ್ ಚಂದ ಕೂದ್ಲವ್ವ ನಿಂದು" ಅಂದೆ.

ಆಕಿ ತಿರುಗಿದ್ಲು.
ಮುಖ ನೋಡಲಿಲ್ಲ, ಮೊದಲು ಕೈ ನೋಡಿದ್ಲು.
ಹನ್ನೊಂದು ವರ್ಷ ಭಾಗ್ಯನಗರದ ಗೋಡೌನಿನ್ಯಾಗ
ಮೊಳಿ ಹಲಗಿ ಮ್ಯಾಲೆ ಕೂದಲು ಎಳದ ಕೈ,
ಬೆರಳ ಸಂದ್ಯಾಗ ನೂಲಿನಂಥ ಗೆರಿ,
ಉಗುರೊಳಗ ಯಾರ್ಯಾರದೋ ಕರಿ ಎಳಿ.
ನಮ್ಮ ಸೀಮ್ಯಾಗ ಆ ಕೈ ಗುರ್ತು ಹಿಡಿಯಾಕ
ಬೋರ್ಡು ಬೇಕಾಗಿಲ್ಲ.

ಜಡಿ ಎಳಕೊಂಡು ಎದಿ ಮ್ಯಾಲೆ ಹಾಕ್ಕೊಂಡ್ಲು,
ಓಣ್ಯಾಗ ಕಳ್ಳರು ಬಂದಾರಂತ
ಕರುವಿನ ಹಗ್ಗ ಒಳಗ ಎಳಕೊಂಡಂಗ.
"ಮಾರಾಂಗಿಲ್ರಿ" ಅಂದ್ಲು.

ಯಾರು ಕೇಳಿದ್ರು ತಾಯಿ?
ನಾ ಅಂದಿದ್ದು ಬರೇ ಚಂದ,
ದಾರ್ಯಾಗ ಸೂರ್ಯಪಾನ ಹೊಲ ನೋಡಿ
"ಛಲೋ ಬಂದೈತಲ್ಲ" ಅಂದಂಗ.
ಅದನ್ನ ಅಂದ್ರೂ ಹೊಲದಾಂವ
"ಕ್ವಿಂಟಲಿಗೆ ಎಷ್ಟು ಕೊಡ್ತೀರಿ" ಅಂತಾನ, ಆ ಮಾತು ಬ್ಯಾರೆ.

ಗೋಡೌನಿನ್ಯಾಗ ಚಂದ ಅನ್ನೂ ಮಾತ ಇಲ್ಲ.
ಉದ್ದ ಐತಿ, ಗಟ್ಟಿ ಐತಿ,
ಎಂಟಿಂಚಿನ ರದ್ದಿ ಐತಿ.
ಚೀಲ ಬಿಚ್ಚಿದ್ರ ಹೆಣ್ಣು ಯಾವುದು ಗಂಡು ಯಾವುದು,
ಹರಕಿ ಯಾವುದು, ಬಾಚಣಿಕಿಗೆ ಉದುರಿದ್ದು ಯಾವುದು,
ಯಾರೂ ಕೇಳೂದಿಲ್ಲ. ದಾರ ಕಟ್ಟು, ಮುಂದಿಂದು ತಗಿ.
ಅದಕ ಇರಬೇಕು, ಹೊರಗ ಬಂದ ಮ್ಯಾಲೆ
ಆ ಮಾತು ಬಾಯಾಗ ಕಡೀತೈತಿ.

ಆದ್ರ ಹೊರಗೂ ಅದು ನೆಟ್ಟಗ ಎಲ್ಲಿ ಮುಟ್ತೈತಿ?
ಹೊಸ ಸೀರಿ ಉಟ್ಟಾಗ ನಮ್ಮನ್ಯಾಂವ
"ಭಾರಿ ಕಾಣ್ತಿ" ಅಂದ್ರ, ಎಷ್ಟಾತು ಅಂತ ಅರ್ಥ.
ಜ್ವರದಾಗಿಂದ ಎದ್ದಾಗ ವಾರಗಿತ್ತಿ
"ತೆಳ್ಳಗಾಗೀಯಲ್ಲ, ಮದಿವಿ ಹುಡುಗಿ ಆಗಿ" ಅಂದ್ಲು;
ಆರು ಬಾಟ್ಲಿ ಏರಿದ್ವು, ಪಾಪ, ಆಕಿಗೆ ಗೊತ್ತಿಲ್ಲ.
ಮಾಬುಬ್ಬಿ ಮಗಳು ಬಾಣಂತನ ಮುಗಿಸಿ ಬಂದಾಗ
"ಮೈ ತುಂಬಕೊಂಡೀ" ಅಂದಾಕಿ ನಾನ. ಖುಷಿಗೆ ಅಂದಿದ್ದು.
ಮೂರು ದಿನ ರಾತ್ರಿ ರೊಟ್ಟಿ ಬಿಟ್ಲಂತ ಆ ಕೂಸಿನ ತಾಯಿ.

ಕುಕನೂರು ಇನ್ನೊಂದು ಮೈಲಿ ಇತ್ತು.
ಹುಡುಗಿ ಮತ್ತ ತಿರುಗಿದ್ಲು.
ಕೈಯಾಗ ಸೊನ್ನೆ ರೂಪಾಯಿ ಟಿಕೇಟು,
ಮಡಚಿ ಮಡಚಿ ಕಾಳಿನಷ್ಟು ಮಾಡಿದ್ಲು.
"ಅಕ್ಕಾರ, ಸುಮ್ನ ಕೇಳ್ತೀನ್ರಿ,
ಮಾರಿದ್ರ ಎಷ್ಟು ಬರ್ತೈತಿ?"

ನನ್ನ ಕಣ್ಣು ಆಗಲೇ ಅಳದಿತ್ತು, ಪಾಪಿ ಕಣ್ಣು.
ಇಪ್ಪತ್ತೆರಡು ಇಂಚು. ಬಣ್ಣ ಕಾಣದ್ದು.
ತುದಿ ಸೀಳಿಲ್ಲ. ಬಿಳಿ ಎಳಿ ಒಂದೂ ಇಲ್ಲ.
ತಕ್ಕಡಿ ಮುಳ್ಳು ಎಲ್ಲಿ ನಿಲ್ತೈತಿ,
ಪರಸಪ್ಪ ಎಷ್ಟರಿಂದ ಸುರು ಮಾಡಿ
ಎಷ್ಟಕ್ಕ ಬಂದು ಕುಂದರ್ತಾನ,
ಎಲ್ಲಾ ನಾಲಿಗಿ ತುದಿಗಿತ್ತು.

ಚಂದ ಅಂದಾಗಲೂ ಈ ಲೆಕ್ಕ
ಒಳಗ ಎಲ್ಲೋ ಕುಂತಿತ್ತೇನು?
ಹುಡುಗಿ ತಪ್ಪು ತಿಳಕೊಂಡಿದ್ಲೋ,
ನನಗಿಂತ ಮೊದಲ ನನ್ನ ಓದಿದ್ಲೋ?

"ಗೊತ್ತಿಲ್ಲವ್ವ. ನಾ ಹೊಲಿಗಿ ಕೆಲಸದಾಕಿ" ಅಂದೆ.
ಇನ್ನೊಮ್ಮೆ ನನ್ನ ಕೈ ನೋಡಿದ್ಲು.
"ಹ್ಞೂಂ ಬಿಡ್ರಿ" ಅಂದ್ಲು.

ಬಸ್ ನಿಂತಿತು. ಚೀಲ ಹೆಗಲಿಗೆ ಹಾಕ್ಕೊಂಡು
ಮೆಟ್ಟಲ ಮ್ಯಾಲೆ ನಿಂತು, ಏನು ನೆನಪಾತೋ,
"ಅಕ್ಕಾರ, ನಿಮ್ಮ ಮೂಗಬಟ್ಟು ಚಂದೈತ್ರಿ" ಅಂತ ಕೂಗಿದ್ಲು.

ಕೈ ತಾನ ಹೋಗಿ ಮೂಗು ಮುಚ್ಚಿತು.
"ಅದು ಬಂಗಾರದ್ದಲ್ಲವ್ವ" ಅಂದೆ.

ಬಂಗಾರದ್ದ.
ನಮ್ಮವ್ವಂದು.